ಅನ್ಯಭಾಷೆಯ ವರ ಯಾರಿಗಾಗಿ?

ಕ್ರೈಸ್ತರ ಆರಾಧನೆಯಲ್ಲಿ ಹೊರಗಿನವರಿಗೆ ಅತ್ಯಂತ ದುರೂಹವಾಗಿಯೂ ಒಳಗಿನವರಲ್ಲಿಯೇ ಅತ್ಯಂತ ವಿವಾದಾಸ್ಪದವಾಗಿಯೂ ಉಳಿದುಬಂದಿರುವ ಸಂಗತಿಯೆಂದರೆ ಅನ್ಯಭಾಷೆಗಳನ್ನಾಡುವ ವರ. ಪ್ರಾರ್ಥನೆಯಲ್ಲಿ ತನ್ಮಯನಾದ ಭಕ್ತನ ನಾಲಗೆಯಿಂದ, ಅವನು ಎಂದೂ ಕಲಿಯದ, ಅವನಿಗೇ ಅರ್ಥವಾಗದ ಶಬ್ದಪ್ರವಾಹವೊಂದು ಹೊರಡತೊಡಗುತ್ತದೆ. ಅದನ್ನು ನುಡಿಸುತ್ತಿರುವವನು ಪವಿತ್ರಾತ್ಮನೆಂದು ಅವನು ನಂಬುತ್ತಾನೆ. ಪಕ್ಕದಲ್ಲಿ ಕುಳಿತವನು ತನ್ನ ಸಂಸ್ಕಾರಕ್ಕೆ ತಕ್ಕಂತೆ ಅದನ್ನು ಭಕ್ತಿಯ ಪರಾಕಾಷ್ಠೆಯೆಂದೋ ಮನಸ್ಸಿನ ವಿಕಾರವೆಂದೋ ಗ್ರಹಿಸುತ್ತಾನೆ. ಬೆಂಗಳೂರಿನ ಬಡಾವಣೆಗಳಲ್ಲಿ ಭಾನುವಾರ ಬೆಳಿಗ್ಗೆ ಪೆಂತೆಕೊಸ್ತ ಸಭೆಯೊಂದರ ಮುಂದೆ ಹಾದುಹೋದವರಿಗೆ ಈ ದನಿ ಅಪರಿಚಿತವಾದುದಲ್ಲ. ಇದನ್ನು ಕುರಿತ ಚರ್ಚೆಯೆಲ್ಲ ಸಾಮಾನ್ಯವಾಗಿ ‘ಇದು ನಿಜವೋ ಸುಳ್ಳೋ’ ಎಂಬ ಒಂದೇ ಪ್ರಶ್ನೆಯನ್ನು ಸುತ್ತುತ್ತಿರುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ: ಈ ವರವು ಬಂದದ್ದು ಯಾರಿಗಾಗಿ? ಮೂಲಗ್ರಂಥವನ್ನೂ ಆ ಬಳಿಕದ ಇತಿಹಾಸವನ್ನೂ ನಿಧಾನವಾಗಿ ಪರಿಶೀಲಿಸಿದವರಿಗೆ, ಇದು ಹೊರಗೆ ನಿಲ್ಲಿಸಲ್ಪಟ್ಟವನನ್ನು ಒಳಗೆ ಸೇರಿಸಿಕೊಳ್ಳುವುದಕ್ಕಾಗಿ ಬಂದದ್ದೆಂದೂ, ಒಳಗಿರುವವರ ಮೇಲುಕೀಳುಗಳನ್ನು ಅಳೆಯುವುದಕ್ಕೆ ಇದನ್ನು ಬಳಸಿದಾಗಲೆಲ್ಲ ಇದು ತನ್ನ ಉದ್ದೇಶಕ್ಕೇ ಎರವಾಯಿತೆಂದೂ ತೋರದೆ ಇರದು.

ಪಸ್ಕ ಹಬ್ಬ ಕಳೆದು ಐವತ್ತನೆಯ ದಿನದಂದು ಯೆರೂಸಲೇಮಿನಲ್ಲಿ ನಡೆದ ಘಟನೆಯನ್ನು ‘ಅಪೊಸ್ತಲರ ಕೃತ್ಯಗಳು’ ಎಂಬ ಗ್ರಂಥದ ಎರಡನೆಯ ಅಧ್ಯಾಯವು ವರ್ಣಿಸುತ್ತದೆ. ಒಂದು ಮನೆಯಲ್ಲಿ ಕೂಡಿದ್ದ ಯೇಸುವಿನ ಶಿಷ್ಯರು, ಹಳ್ಳಿಗರೆಂದು ನಗರದವರು ಹಗುರವಾಗಿ ಕಾಣುತ್ತಿದ್ದ ಆ ಗಲಿಲಾಯದವರು, ಪವಿತ್ರಾತ್ಮಭರಿತರಾಗಿ ಬೇರೆ ಬೇರೆ ಭಾಷೆಗಳಲ್ಲಿ ಮಾತಾಡತೊಡಗಿದರು. ಹಬ್ಬಕ್ಕೆಂದು ದೇಶದೇಶಗಳಿಂದ ಬಂದಿದ್ದ ಪಾರ್ಥ್ಯರು, ಮೇದ್ಯರು, ಏಲಾಮ್ಯರು, ಕಪ್ಪದೋಕ್ಯ ಫ್ರುಗ್ಯ ಐಗುಪ್ತ ಸೀಮೆಗಳವರು, ಕ್ರೇತರು, ಅರಬಿಯರು, ಎಲ್ಲರೂ ತಮ್ಮ ತಮ್ಮ ಹುಟ್ಟುನುಡಿಯನ್ನು ಇವರ ಬಾಯಲ್ಲಿ ಕೇಳಿ ಬೆರಗಾದರು. ಇದನ್ನು ಓದುವವರು ಸಾಮಾನ್ಯವಾಗಿ, ಪರದೇಶದವರಿಗೆ ಸುವಾರ್ತೆಯನ್ನು ತಿಳಿಸಲು ಒದಗಿದ ಸಾಧನವೇ ಈ ಅದ್ಭುತವೆಂದು ಭಾವಿಸುತ್ತಾರೆ. ಆದರೆ ಗ್ರಂಥವೇ ಆ ಭಾವನೆಗೆ ಅವಕಾಶವನ್ನು ಕೊಡುವುದಿಲ್ಲ. ನೆರೆದಿದ್ದವರು ಬಹುಮಟ್ಟಿಗೆ ಯೆಹೂದ್ಯರು ಅಥವಾ ಯೆಹೂದ್ಯಮತವನ್ನು ಅವಲಂಬಿಸಿದವರು. ಗ್ರೀಕ್ ಅಥವಾ ಅರಾಮಿಕ್ ಭಾಷೆಯಲ್ಲಿ ವ್ಯವಹರಿಸಬಲ್ಲವರು. ಸ್ವಲ್ಪ ಹೊತ್ತಿನಲ್ಲಿಯೇ ಆ ಶಿಷ್ಯರಲ್ಲೊಬ್ಬನಾದ ಪೇತ್ರನು ಎದ್ದು ನಿಂತು, ಈ ಜನ ಕುಡಿದು ಮತ್ತರಾದವರಲ್ಲವೆಂದೂ, ಹೊತ್ತು ಇನ್ನೂ ಬೆಳಗಿನ ಒಂಬತ್ತು ಗಂಟೆಯೆಂದೂ ಆರಂಭಿಸಿ ದೀರ್ಘವಾಗಿ ಮಾಡಿದ ಉಪದೇಶವನ್ನು ಆ ಗುಂಪೆಲ್ಲ ತಿಳಿದುಕೊಂಡಿತು. ಅದಕ್ಕೆ ಮತ್ತೊಂದು ಅದ್ಭುತ ಬೇಕಾಯಿತೆಂದು ಗ್ರಂಥಕರ್ತನು ಹೇಳಿಲ್ಲ. ಬೇರೆ ಬೇರೆ ಭಾಷೆಗಳಲ್ಲಿ ಕೇಳಿಬಂದದ್ದಾದರೋ ಉಪದೇಶವಲ್ಲ, ದೇವರ ಮಹತ್ಕಾರ್ಯಗಳ ಸ್ತುತಿ.

ಹಾಗಾದರೆ ಅರ್ಥ ತಿಳಿಸುವುದಕ್ಕೆ ಅವಶ್ಯವಿಲ್ಲದಿದ್ದ ಈ ಭಾಷಾವೈವಿಧ್ಯವು ಏತಕ್ಕಾಗಿ? ದೇವಾಲಯವು ನಿಂತಿದ್ದ ನಗರವದು. ಶಾಸ್ತ್ರವೂ ವಿಧಿಯೂ ಪವಿತ್ರವಾದ ಒಂದು ಪ್ರಾಚೀನ ಭಾಷೆಯಲ್ಲಿ ಪ್ರತಿಷ್ಠಿತವಾಗಿದ್ದ ಸ್ಥಳವದು. ಅಂಥಲ್ಲಿ, ಮನೆಯಲ್ಲಿಯೂ ಸಂತೆಯಲ್ಲಿಯೂ ಆಡಿಕೊಳ್ಳುವುದಕ್ಕಷ್ಟೇ ತಕ್ಕದ್ದೆಂದು ತಾನೇ ಎಣಿಸಿದ್ದ ತನ್ನ ಸೀಮೆಯ ನುಡಿಯಲ್ಲಿ ದೇವರ ಸ್ತುತಿಯು ಮೊಳಗುವುದನ್ನು ಕೇಳಿದ ಫ್ರುಗ್ಯದ ಯಾತ್ರಿಕನಿಗೆ, ಆ ದಿನ ಹೊಸ ಸಮಾಚಾರಕ್ಕಿಂತ ಹೆಚ್ಚಿನದೊಂದು ದೊರೆಯಿತು. ತನ್ನ ತಾಯಿಯ ಮಾತು ದೇವರಿಗೆ ಅನ್ಯವಾದುದಲ್ಲ ಎಂಬ ಮಾನ್ಯತೆ ದೊರೆಯಿತು. ವರವನ್ನು ಪಡೆದವರು ಗಲಿಲಾಯದವರಾದರೂ ಅದರ ಫಲವು ಸಂದದ್ದು ಕೇಳಿದವರಿಗೆ.

ಇದೇ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಈ ತತ್ತ್ವವು ಮತ್ತಷ್ಟು ಸ್ಪಷ್ಟವಾಗುತ್ತದೆ. ಕೈಸರೈಯದಲ್ಲಿದ್ದ ಕೊರ್ನೇಲ್ಯನು ರೋಮ್ ಸೇನೆಯ ಶತಾಧಿಪತಿ. ಅವನು ಅನ್ಯಜನಾಂಗದವನಾದುದರಿಂದ ಯೆಹೂದ್ಯನು ಅವನ ಮನೆಯೊಳಕ್ಕೆ ಕಾಲಿಡಬಾರದು. ಮನಸ್ಸಿನ ಹಿಂಜರಿಕೆಯನ್ನು ಒಂದು ದರ್ಶನದ ಬಲದಿಂದ ಗೆದ್ದು ಪೇತ್ರನು ಅಲ್ಲಿಗೆ ಹೋದಾಗ, ಅವನೊಡನೆ ಆರು ಮಂದಿ ಯೆಹೂದ್ಯವಿಶ್ವಾಸಿಗಳೂ ಹೋಗಿದ್ದರು. ಪೇತ್ರನ ಮಾತು ಮುಗಿಯುವುದಕ್ಕೆ ಮೊದಲೇ ಕೊರ್ನೇಲ್ಯನೂ ಅವನ ಬಂಧುಮಿತ್ರರೂ ಅನ್ಯಭಾಷೆಗಳಲ್ಲಿ ದೇವರನ್ನು ಕೊಂಡಾಡತೊಡಗಿದರು. ಇಲ್ಲಿ ಭಾಷಾಂತರದ ಪ್ರಸಕ್ತಿಯೇ ಇಲ್ಲ. ಯಾರಿಗೂ ಏನನ್ನೂ ತಿಳಿಸಬೇಕಾಗಿರಲಿಲ್ಲ. ಈ ಸೂಚನೆಯಿಂದ ಒಪ್ಪಬೇಕಾಗಿದ್ದವರು ಪೇತ್ರನ ಜೊತೆಗೆ ಬಂದಿದ್ದ ಆ ಆರು ಮಂದಿ. ನಮಗೆ ಬಂದದ್ದೇ ಇವರಿಗೂ ಬಂದಮೇಲೆ ಇವರಿಗೆ ದೀಕ್ಷಾಸ್ನಾನವನ್ನು ಬೇಡವೆನ್ನುವ ಅಧಿಕಾರ ನಮಗೆಲ್ಲಿಯದು ಎಂದು ಪೇತ್ರನು ಕೇಳಿದ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಹೀಗೆ, ಹೊರಗಿನವನು ಬರಕೂಡದೆಂದು ತಿಳಿದಿದ್ದ ಒಳಗಿನವರನ್ನು ತಿದ್ದುವುದು ಆ ದಿನ ಅನ್ಯಭಾಷೆಯು ಮಾಡಿದ ಕೆಲಸ. ಎಫೆಸದಲ್ಲಿ ಸುಮಾರು ಹನ್ನೆರಡು ಮಂದಿಗೆ ಈ ವರವು ಬಂದ ಪ್ರಸಂಗದಲ್ಲಿಯೂ, ಅದನ್ನು ಪಡೆದವರು ಸ್ನಾನಿಕನಾದ ಯೋಹಾನನ ಅನುಯಾಯಿಗಳಾಗಿ ಅಂಚಿನಲ್ಲಿ ಉಳಿದಿದ್ದವರು.

ಕೊರಿಂಥದ ಕಥೆ ಇದಕ್ಕೆ ವಿಪರೀತವಾದುದು. ಅದನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕ್ರಿಸ್ತಪೂರ್ವ 146ರಲ್ಲಿ ರೋಮನರಿಂದ ಹಾಳಾದ ಆ ನಗರವನ್ನು ಕ್ರಿಸ್ತಪೂರ್ವ 44ರಲ್ಲಿ ಜೂಲಿಯಸ್ ಸೀಸರನು ಮತ್ತೆ ನೆಲೆಗೊಳಿಸಿದನು. ದಾಸ್ಯದಿಂದ ಬಿಡುಗಡೆ ಹೊಂದಿದವರೂ ಅವರ ಮಕ್ಕಳೂ ಅಲ್ಲಿ ಬಂದು ನೆಲಸಿ, ಎರಡು ರೇವುಗಳ ವ್ಯಾಪಾರದಿಂದ ಹಣವಂತರಾಗಿ, ಹಣಕ್ಕೆ ತಕ್ಕ ಮರ್ಯಾದೆಗಾಗಿ ಒಬ್ಬರೊಡನೊಬ್ಬರು ಸ್ಪರ್ಧಿಸುತ್ತಿದ್ದರು. ಊರಿನ ಈ ಗುಣವು ಅಲ್ಲಿನ ಪುಟ್ಟ ಕ್ರೈಸ್ತಸಭೆಗೂ ಅಂಟಿತು. ಸಹಭೋಜನಕ್ಕೆಂದು ಕೂಡಿದಾಗ ಉಳ್ಳವರು ಮೊದಲೇ ಉಂಡು ತೇಗುತ್ತಿದ್ದರು. ದುಡಿಮೆ ಮುಗಿಸಿ ತಡವಾಗಿ ಬಂದ ಬಡವರು ಹಸಿದೇ ಕುಳಿತಿರುತ್ತಿದ್ದರು. ಅಪೊಸ್ತಲನಾದ ಪೌಲನು ಆ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ ಈ ಊಟದ ಅನ್ಯಾಯವನ್ನು ಖಂಡಿಸಿದ ಮರುಕ್ಷಣವೇ ವರಗಳ ವಿಷಯವನ್ನು ಎತ್ತಿಕೊಂಡಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಎರಡು ಕಡೆಯೂ ರೋಗ ಒಂದೇ. ಅನ್ಯಭಾಷೆಯನ್ನಾಡಬಲ್ಲವರು ಆತ್ಮಸಂಪನ್ನರೆಂಬ ಹೆಸರಿನಲ್ಲಿ ಮೇಲಿನ ಪಂಕ್ತಿಯಲ್ಲಿ ಕುಳಿತರು. ಆ ವರವಿಲ್ಲದವರು ಕೆಳಗೆ ಉಳಿದರು.

ಪೌಲನು ಅದಕ್ಕೆ ಕೊಟ್ಟ ಉತ್ತರವು ವಿವೇಕದ ಮಾದರಿ. ಅವನು ಆ ವರವನ್ನು ಹಳಿಯಲಿಲ್ಲ. ತಾನು ಅವರೆಲ್ಲರಿಗಿಂತ ಹೆಚ್ಚಾಗಿ ಅದನ್ನು ಬಳಸುವವನೆಂದೂ, ಅದನ್ನು ಯಾರೂ ನಿಷೇಧಿಸಬಾರದೆಂದೂ ಬರೆದನು. ಏಕಾಂತದಲ್ಲಿ ಅದು ದೇವರೊಡನೆ ಆಡುವ ಮಾತು, ಆಡುವವನ ಆತ್ಮಕ್ಕೆ ಅದರಿಂದ ಬಲ ಬರುತ್ತದೆ ಎಂದೂ ಒಪ್ಪಿದನು. ಆದರೆ ಸಭೆಯಲ್ಲಿ, ಅರ್ಥವಾಗದ ಹತ್ತು ಸಾವಿರ ಮಾತಿಗಿಂತ ಅರ್ಥವಾಗುವ ಐದೇ ಮಾತು ತನಗೆ ಹೆಚ್ಚೆಂದನು. ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದಮೇಲೊಬ್ಬರಂತೆ ಮಾತಾಡಲಿ, ಒಬ್ಬನು ಅರ್ಥ ಹೇಳಲಿ, ಅರ್ಥ ಹೇಳುವವನಿಲ್ಲದಿದ್ದರೆ ಸುಮ್ಮನಿರಲಿ ಎಂದು ಕಟ್ಟಳೆ ಮಾಡಿದನು. ಈ ಕಟ್ಟಳೆಗೆ ಅವನು ಕೊಟ್ಟ ಕಾರಣದಲ್ಲಿ ನಮ್ಮ ಪ್ರಶ್ನೆಗೆ ಉತ್ತರವಿದೆ. ಸಭೆಯೆಲ್ಲ ಒಟ್ಟಾಗಿ ಅನ್ಯಭಾಷೆಯನ್ನಾಡುತ್ತಿರುವಾಗ ಏನೂ ಅರಿಯದ ಹೊರಗಿನವನೊಬ್ಬನು ಒಳಗೆ ಬಂದರೆ ನಿಮಗೆ ಹುಚ್ಚು ಹಿಡಿದಿದೆಯೆನ್ನುವುದಿಲ್ಲವೇ ಎಂದು ಅವನು ಕೇಳುತ್ತಾನೆ. ಸಭೆಯ ಹಿರಿಯರ ಅಭಿಪ್ರಾಯವನ್ನಾಗಲಿ ಆಡುವವನ ಆನಂದವನ್ನಾಗಲಿ ಪ್ರಮಾಣವಾಗಿ ಹಿಡಿಯದೆ, ಆಗ ತಾನೇ ಹೊಸ್ತಿಲು ದಾಟಿದ, ಹೆಸರೂ ಗೊತ್ತಿಲ್ಲದ ಆ ಒಬ್ಬನ ಮನಸ್ಸನ್ನು ಪ್ರಮಾಣವಾಗಿ ಹಿಡಿದದ್ದು ಪೌಲನ ದೊಡ್ಡತನ. ಪ್ರೀತಿಯನ್ನು ಕುರಿತ ಪ್ರಸಿದ್ಧವಾದ ಹದಿಮೂರನೆಯ ಅಧ್ಯಾಯವು ಆ ಪತ್ರದಲ್ಲಿ ವರಗಳನ್ನು ಕುರಿತ ಎರಡು ಅಧ್ಯಾಯಗಳ ನಡುವೆಯೇ ಇದೆ. ಮದುವೆಯ ಮಂಟಪದಲ್ಲಿ ಅದನ್ನು ಬಿಡಿಯಾಗಿ ಓದುವ ರೂಢಿಯಿಂದ, ಅನ್ಯಭಾಷೆಯ ಹೆಮ್ಮೆಗೆ ಮದ್ದಾಗಿ ಅದು ಹುಟ್ಟಿತೆಂಬುದು ಜನಕ್ಕೆ ಮರೆತೇಹೋಗಿದೆ.

ಮುಂದಿನ ಶತಮಾನಗಳಲ್ಲಿ ಈ ವರವು ಹೆಚ್ಚುಕಡಮೆ ಅಡಗಿತು. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಧರ್ಮೋಪದೇಶಕನಾದ ಕ್ರಿಸೊಸ್ತೊಮನು, ಪೌಲನ ಈ ಅಧ್ಯಾಯಗಳಲ್ಲಿ ಹೇಳಿದ್ದು ತನ್ನ ಕಾಲದಲ್ಲಿ ನಡೆಯದಿರುವುದರಿಂದಲೇ ಅವು ಅಸ್ಪಷ್ಟವಾಗಿವೆಯೆಂದು ಅಭಿಪ್ರಾಯಪಟ್ಟನು; ಸಭೆಯು ಎಲ್ಲ ಜನಾಂಗಗಳ ಭಾಷೆಗಳನ್ನೂ ಆಡುವಷ್ಟು ಹಬ್ಬಿದಮೇಲೆ ಆ ಸೂಚನೆಯ ಕಾರ್ಯವು ಮುಗಿಯಿತೆಂದು ಧರ್ಮಾಚಾರ್ಯನಾದ ಆಗಸ್ಟೀನನು ತಿಳಿದನು. ಈ ಮಾತನ್ನೇ ಸಿದ್ಧಾಂತವಾಗಿ ಬೆಳೆಸಿದವರು, ಅಪೊಸ್ತಲರ ಕಾಲದೊಡನೆ ವರವೂ ನಿಂತಿತು, ಈಗ ಕಾಣುವುದೆಲ್ಲ ಕೃತ್ರಿಮ ಎನ್ನುತ್ತಾರೆ. ಭಾಷೆಗಳು ನಿಂತುಹೋಗುವುವೆಂದು ಪೌಲನೇ ಹೇಳಿದ್ದಾನೆಂಬುದು ಅವರ ಆಧಾರ. ಆದರೆ ಪೌಲನು ಅದೇ ಉಸಿರಿನಲ್ಲಿ ಜ್ಞಾನವೂ ಇಲ್ಲದಂತಾಗುವುದೆಂದು ಹೇಳಿರುವನಲ್ಲ! ಜ್ಞಾನವು ಇನ್ನೂ ಉಳಿದಿದೆಯೆಂದು ನಂಬಿ ದಪ್ಪದಪ್ಪ ಗ್ರಂಥಗಳನ್ನು ಬರೆಯುವವರು ಭಾಷೆಗಳು ಮಾತ್ರ ನಿಂತವೆಂದು ಆ ವಾಕ್ಯದಿಂದ ಸಾಧಿಸಲಾರರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ವರದ ಮೇಲೆ ಎರಡು ಹೊಸ ಹೊರೆಗಳು ಬಿದ್ದವು. ಅಮೆರಿಕದ ಕಾನ್ಸಾಸ್ ಸೀಮೆಯ ಟೊಪೀಕಾದಲ್ಲಿ ಬೈಬಲ್ ಶಾಲೆಯನ್ನು ನಡೆಸುತ್ತಿದ್ದ ಚಾರ್ಲ್ಸ್ ಪಾರ್ಹಮ್ ಎಂಬ ಬೋಧಕನು, 1901ರ ಮೊದಲ ದಿನ ತನ್ನ ವಿದ್ಯಾರ್ಥಿನಿ ಆಗ್ನೆಸ್ ಓಜ್‌ಮನ್ ಅನ್ಯಭಾಷೆಯಲ್ಲಿ ಮಾತಾಡಿದ್ದನ್ನು ಕಂಡು, ಪವಿತ್ರಾತ್ಮನ ದೀಕ್ಷೆಗೆ ಇದೇ ಸಾಕ್ಷ್ಯವೆಂದು ಸಾರಿದನು. ಜೊತೆಗೆ, ಇವು ಲೋಕದಲ್ಲಿರುವ ನಿಜವಾದ ಭಾಷೆಗಳೇ ಆದುದರಿಂದ, ಮಿಷನರಿಗಳು ಇನ್ನು ಮುಂದೆ ಪರದೇಶದ ಭಾಷೆಯನ್ನು ಕಲಿಯಬೇಕಾದ ಅಗತ್ಯವೇ ಇಲ್ಲವೆಂದೂ ನಂಬಿದನು. ಈ ಎರಡನೆಯ ನಂಬಿಕೆಯ ಪರೀಕ್ಷೆ ನಡೆದದ್ದು ಭಾರತದಲ್ಲಿ. ತನಗೆ ಬಂಗಾಳಿ ಭಾಷೆಯು ವರವಾಗಿ ಬಂದಿದೆಯೆಂದು ನಿಶ್ಚಯಿಸಿಕೊಂಡ ಆಲ್ಫ್ರೆಡ್ ಗಾರ್ ಎಂಬಾತನು ಪತ್ನಿಯೊಡನೆ ಕಲ್ಕತ್ತೆಗೆ ಬಂದಿಳಿದನು. ಅಲ್ಲಿನವರಿಗೆ ಅವನ ಮಾತು ತಿಳಿಯಲಿಲ್ಲ. ಗಾರನು ಇದನ್ನು ಮುಚ್ಚಿಡದೆ ಪಾರ್ಹಮನ ಮತವನ್ನು ತ್ಯಜಿಸಿದನು. ಅನ್ಯಭಾಷೆಯು ಸ್ತುತಿಗೂ ಪ್ರಾರ್ಥನೆಗೂ ಸಲ್ಲುವುದೇ ಹೊರತು ಬೋಧನೆಗಲ್ಲವೆಂದು ತಿಳಿದುಕೊಂಡನು. ಮುಂದೆ ಹಾಂಗ್‌ಕಾಂಗಿಗೆ ಹೋದಾಗ ದುಭಾಷಿಯ ಮೂಲಕವೇ ಉಪದೇಶಿಸಿದನು. ಸತ್ಯದೆದುರಿಗೆ ತನ್ನ ಸಿದ್ಧಾಂತವನ್ನು ಬಿಟ್ಟುಕೊಟ್ಟ ಈತನ ಬಗೆಗೆ ನನಗೆ ತುಂಬ ಗೌರವವಿದೆ.

ಪಾರ್ಹಮನು ಒಂದು ಕ್ಷಣದಲ್ಲಿ ಬರಬಹುದೆಂದುಕೊಂಡದ್ದನ್ನು ಪಡೆಯಲು ನಿಜವಾಗಿ ಏನು ಬೇಕಾಗುತ್ತದೆಂಬುದು ಕನ್ನಡಿಗರಾದ ನಮಗೆ ಚೆನ್ನಾಗಿ ತಿಳಿದಿದೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಈ ದೇಶಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ಲನು, ಹಳ್ಳಿಯವರ ಬಾಯಿಂದ ಕೇಳಿದ ಮಾತುಗಳನ್ನೂ ಓಲೆಗರಿಯ ಗ್ರಂಥಗಳ ಮಾತುಗಳನ್ನೂ ಕೂಡಿಸುತ್ತ, ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಶೋಧಿಸಿ ಅಚ್ಚು ಹಾಕಿಸುತ್ತ, ಕೊನೆಗೆ 1894ರಲ್ಲಿ ಮಂಗಳೂರಿನಲ್ಲಿ ತನ್ನ ನಿಘಂಟನ್ನು ಹೊರತಂದನು. ಪರಭಾಷೆಯವನ ಹೃದಯವನ್ನು ಮುಟ್ಟಬೇಕೆಂಬ ಹಂಬಲವು ಇಬ್ಬರಲ್ಲಿಯೂ ಇತ್ತು. ಆ ಹಂಬಲದ ಬೆಲೆಯನ್ನು ಕಿಟೆಲ್ಲನು ತನ್ನ ಆಯುಷ್ಯದಿಂದ ತೆತ್ತನು.

ಪಾರ್ಹಮನ ಮೊದಲನೆಯ ನಂಬಿಕೆ, ಅಂದರೆ ಅನ್ಯಭಾಷೆಯೇ ಆತ್ಮದೀಕ್ಷೆಯ ಸಾಕ್ಷ್ಯವೆಂಬುದು, ಇಷ್ಟು ಸುಲಭವಾಗಿ ಬಿದ್ದುಹೋಗಲಿಲ್ಲ. ಅದರ ಕಥೆಯಲ್ಲಿ ವಿಲಿಯಂ ಸೀಮೋರನು ಬರುತ್ತಾನೆ. 1870ರಲ್ಲಿ ಲೂಯಿಸಿಯಾನದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ತಂದೆತಾಯಿಗಳಿಗೆ ಹುಟ್ಟಿದ, ಸಿಡುಬಿನಿಂದ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡಿದ್ದ ಈ ಕರಿಯ ಬೋಧಕನು ಪಾರ್ಹಮನ ಪಾಠ ಕೇಳಲು ಹ್ಯೂಸ್ಟನ್ನಿಗೆ ಹೋದಾಗ, ಬಿಳಿಯರೊಡನೆ ತರಗತಿಯಲ್ಲಿ ಕುಳಿತುಕೊಳ್ಳಲು ಅವನಿಗೆ ಅನುಮತಿ ಸಿಗಲಿಲ್ಲ. ಹೊರಗಿನ ಹಾದಿಯಲ್ಲಿ ಕುಳಿತು, ಅರೆತೆರೆದ ಬಾಗಿಲಿನ ಮೂಲಕ ಬಂದಷ್ಟು ಮಾತನ್ನು ಅವನು ಕೇಳಿಕೊಂಡನು. 1906ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯ 312ನೆಯ ಸಂಖ್ಯೆಯ ಕಟ್ಟಡದಲ್ಲಿ ಅವನ ಸಭೆ ಆರಂಭವಾಯಿತು. ಒಂದು ಕಾಲದಲ್ಲಿ ಕರಿಯರ ಚರ್ಚು, ಆಮೇಲೆ ಕುದುರೆಲಾಯ. ಮೊಳೆ ತುಂಬಿ ಬರುತ್ತಿದ್ದ ಪೀಪಾಯಿಗಳ ಮೇಲೆ ಹಲಗೆ ಹಾಸಿದರೆ ಅದೇ ಆಸನ. ಒಂದರ ಮೇಲೊಂದಿಟ್ಟ ಎರಡು ಮರದ ಪೆಟ್ಟಿಗೆಗಳೇ ವೇದಿಕೆ. ಸೀಮೋರನು ಬಹು ಹೊತ್ತು ಮೇಲಿನ ಪೆಟ್ಟಿಗೆಯೊಳಗೆ ತಲೆಯಿಟ್ಟು ಮೌನವಾಗಿ ಪ್ರಾರ್ಥಿಸುತ್ತಿದ್ದನು. ಊರಿನ ದೊಡ್ಡ ಪತ್ರಿಕೆಯು ಏಪ್ರಿಲ್ 18ರಂದು ಆ ಸಭೆಯನ್ನು ಹೀಯಾಳಿಸಿ ಬರೆಯಿತು. ಆದರೆ ಆ ಹಲಗೆಗಳ ಮೇಲೆ ಕರಿಯರು, ಬಿಳಿಯರು, ಮೆಕ್ಸಿಕೋದವರು ಒಟ್ಟಿಗೆ ಕುಳಿತರು. ಮನೆಗೆಲಸದ ಹೆಂಗಸು ಪ್ರಾರ್ಥಿಸುವಾಗ ಪಾದ್ರಿಗಳು ಮಂಡಿಯೂರಿದರು. ಬಣ್ಣದ ಆಧಾರದ ಮೇಲೆ ರೈಲಿನ ಗಾಡಿಗಳನ್ನೂ ಶಾಲೆಗಳನ್ನೂ ಬೇರ್ಪಡಿಸಿದ್ದ ದೇಶದಲ್ಲಿ ಇದು ಕೈಸರೈಯದ ಘಟನೆಗೆ ಏನೂ ಕಡಮೆಯದಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಅಲ್ಲಿಗೆ ಬಂದ ಪಾರ್ಹಮನಾದರೋ, ಬಣ್ಣಗಳ ಈ ಬೆರಕೆಯನ್ನು ಕಂಡು ಜುಗುಪ್ಸೆಗೊಂಡನು. ಅನ್ಯಭಾಷೆಯು ಸಾಕ್ಷ್ಯವೆಂದು ಕಲಿಸಿದವನಿಗೆ ಅದು ಏನನ್ನು ಸಾಕ್ಷೀಕರಿಸುತ್ತಿದೆಯೆಂಬುದೇ ತಿಳಿಯದೆ ಹೋಯಿತು. ಇಂಥವರನ್ನು ಕಂಡಮೇಲೆಯೇ ಸೀಮೋರನು, ಪ್ರೀತಿಯಿಲ್ಲದ ಕಡೆಯಲ್ಲಿ ಭಾಷೆಯು ಆತ್ಮದ ಗುರುತಾಗಲಾರದೆಂದು ಬೋಧಿಸತೊಡಗಿದನು.

ಅವನ ಮಾತು ಗೆಲ್ಲಲಿಲ್ಲ. 1914ರಲ್ಲಿ ಸ್ಥಾಪಿತವಾದ ಅಸೆಂಬ್ಲೀಸ್ ಆಫ್ ಗಾಡ್ ಸಂಸ್ಥೆಯು 1916ರಲ್ಲಿ ತನ್ನ ಮೂಲತತ್ತ್ವಗಳನ್ನು ಬರೆದುಕೊಂಡಾಗ ಅನ್ಯಭಾಷೆಯೇ ದೀಕ್ಷೆಯ ಆರಂಭಿಕ ಸಾಕ್ಷ್ಯವೆಂಬುದು ಅವುಗಳಲ್ಲಿ ಸೇರಿತು. ಅದನ್ನೊಪ್ಪದ ಬಾಸ್‌ವರ್ತ್ ಎಂಬ ಹಿರಿಯನು 1918ರಲ್ಲಿ ಹೊರಬಂದನು. ಈ ನಿಯಮವನ್ನು ಮಾಡಿದವರು ಸದುದ್ದೇಶದವರೇ ಸರಿ. ಆದರೆ ಇದರ ಪರಿಣಾಮವನ್ನು ಅನುಭವಿಸುವವರು, ವರ್ಷಗಟ್ಟಲೆ ಪ್ರಾರ್ಥಿಸಿಯೂ ನಾಲಗೆ ಹೊರಳದ ಸಾಧುಜನರು. ಕನಿಕರವೂ ಪ್ರಾಮಾಣಿಕತೆಯೂ ಉಳ್ಳ ಹೆಂಗಸೊಬ್ಬಳು, ನೆರೆಯವರ ಕಾಯಿಲೆಗೆ ರಾತ್ರಿಯೆಲ್ಲ ಎಚ್ಚರವಿದ್ದು ಶುಶ್ರೂಷೆ ಮಾಡುವವಳು, ಅನ್ಯಭಾಷೆ ಬಾರದೆಂಬ ಒಂದೇ ಕಾರಣಕ್ಕೆ ತನ್ನಲ್ಲಿ ಏನೋ ಪಾಪ ಉಳಿದಿದೆಯೆಂದು ಕೊರಗುವಂತಾದರೆ, ಅಥವಾ ಸುತ್ತಲಿನವರ ಒತ್ತಾಯಕ್ಕೆ ಸೋತು ಬಾಯಿಗೆ ಬಂದ ಅಕ್ಷರಗಳನ್ನು ಉಚ್ಚರಿಸಿ ಆಮೇಲೆ ಮನಸ್ಸಿನಲ್ಲೇ ನಾಚಿಕೊಳ್ಳುವಂತಾದರೆ, ಕೊರಿಂಥದ ಪಂಕ್ತಿಭೇದವು ಮರಳಿ ಬಂದಿತೆಂದೇ ಹೇಳಬೇಕು. ಎಲ್ಲರೂ ಭಾಷೆಗಳನ್ನಾಡುತ್ತಾರೆಯೇ ಎಂದು ಪೌಲನು ಕೇಳಿದ ಪ್ರಶ್ನೆಯು ‘ಇಲ್ಲ’ ಎಂಬ ಉತ್ತರವನ್ನು ನಿರೀಕ್ಷಿಸಿ ಕೇಳಿದ್ದು.

ಇನ್ನು ಭಾಷಾಶಾಸ್ತ್ರಜ್ಞರ ಮಾತು. ಟೊರಾಂಟೋದ ವಿಲಿಯಂ ಸಾಮರಿನ್ ಅವರು ಹಲವು ಕಡೆಯ ಇಂಥ ನುಡಿಗಳನ್ನು ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಈ ನುಡಿಗಳು ಆಡುವವನ ಸ್ವಂತ ಭಾಷೆಯ ಧ್ವನಿಗಳಿಂದಲೇ ಕಟ್ಟಿದವೆಂದೂ, ಲಯವೂ ಏರಿಳಿತವೂ ಇದ್ದರೂ ಶಬ್ದಾರ್ಥಸಂಬಂಧವಾಗಲಿ ವ್ಯಾಕರಣವಾಗಲಿ ಅವುಗಳಲ್ಲಿ ಇಲ್ಲವೆಂದೂ, ಹಾಗೆಂದು ಆಡುವವರು ಮನೋರೋಗಿಗಳೇನೂ ಅಲ್ಲವೆಂದೂ ತೀರ್ಮಾನಿಸಿದರು. ಇದರಿಂದ ಈ ವರವೇ ಮಿಥ್ಯೆಯಾಯಿತೆಂದು ಸಂತೋಷಪಡುವವರಿದ್ದಾರೆ. ಖಂಡಿತವಾದದ್ದು ಪಾರ್ಹಮನ ಮತ ಮಾತ್ರ. ಪೌಲನ ಮಾತಿಗೆ ಇದರಿಂದ ಯಾವ ಬಾಧಕವೂ ಇಲ್ಲ, ಏಕೆಂದರೆ ಇಂಥ ಪ್ರಾರ್ಥನೆಯಲ್ಲಿ ಬುದ್ಧಿಯು ನಿಷ್ಫಲವಾಗಿರುತ್ತದೆಂದು ಅವನು ಮೊದಲೇ ಹೇಳಿಬಿಟ್ಟಿದ್ದನು. ಮಗನನ್ನು ಕಳೆದುಕೊಂಡ ತಾಯಿಯ ಆಕ್ರಂದನಕ್ಕೆ ವ್ಯಾಕರಣವಿಲ್ಲ; ಅದರಲ್ಲಿ ಅರ್ಥವಿಲ್ಲವೆಂದು ಯಾರು ತಾನೇ ಹೇಳಿಯಾರು? ಮಾತು ಸೋತ ಕಡೆಯಲ್ಲಿ ಮನುಷ್ಯನ ಅಂತರಂಗವು ದೇವರೆದುರಿಗೆ ಬಿಚ್ಚಿಕೊಳ್ಳುವ ದಾರಿಗಳನ್ನು ಶಾಸ್ತ್ರದ ಬಲದಿಂದ ಮುಚ್ಚುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ.

ಈ ಎರಡನ್ನೂ, ಅಂದರೆ ಬುದ್ಧಿಗೆ ನಿಲುಕದ ಪ್ರಾರ್ಥನೆಯನ್ನೂ ಬುದ್ಧಿಗೆ ನಿಲುಕಬೇಕಾದ ಉಪದೇಶವನ್ನೂ, ತಕ್ಕ ತಕ್ಕ ಸ್ಥಾನದಲ್ಲಿರಿಸಿ ನಡೆದುಕೊಂಡವರಲ್ಲಿ ನನ್ನ ದೃಷ್ಟಿಗೆ ಎಲ್ಲರಿಗಿಂತ ಮೊದಲು ಬರುವವರು ಪಂಡಿತಾ ರಮಾಬಾಯಿ. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಪತ್ನಿಗೆ ಸಂಸ್ಕೃತವನ್ನು ಕಲಿಸಿದರೆಂಬ ಆಕ್ಷೇಪಕ್ಕೆ ಗುರಿಯಾಗಿ, ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ತಮ್ಮ ಕಾರ್ಯವನ್ನು ಸಮರ್ಥಿಸಿಕೊಳ್ಳಬೇಕಾಯಿತು. ಪವಿತ್ರವಾದ ಭಾಷೆಯೊಂದು ಹೆಂಗಸಿಗೆ ಹೇಗೆ ಮುಚ್ಚಿದ ಬಾಗಿಲಾಗಬಹುದೆಂಬುದು ಆ ಮನೆಯವರಿಗೆ ಹೀಗೆ ಅನುಭವದಿಂದಲೇ ಗೊತ್ತಿತ್ತು. ಮುಂದೆ ಕಲ್ಕತ್ತೆಯ ವಿದ್ವಾಂಸರಿಂದ ‘ಪಂಡಿತಾ’ ‘ಸರಸ್ವತಿ’ ಎಂಬ ಬಿರುದುಗಳನ್ನು ಪಡೆದು, ಕ್ರೈಸ್ತಮತವನ್ನು ಸೇರಿ, ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಬಾಲವಿಧವೆಯರಿಗೂ ಕ್ಷಾಮದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೂ ‘ಮುಕ್ತಿ’ ಎಂಬ ಆಶ್ರಯವನ್ನು ಅವರು ಕಟ್ಟಿದರು. 1905ರ ಜೂನ್ ತಿಂಗಳಿನಲ್ಲಿ ಅಲ್ಲಿ ಉಜ್ಜೀವನವುಂಟಾಯಿತು. ಊರಿಗೂ ಮನೆಗೂ ಬೇಡವಾಗಿ, ಬಾಯೆತ್ತಲು ಎಂದೂ ಅವಕಾಶ ಸಿಗದಿದ್ದ ಆ ಹುಡುಗಿಯರು ಗಂಟೆಗಟ್ಟಲೆ ಅಳುತ್ತ, ಹಾಡುತ್ತ, ಕೂಗಿ ಪ್ರಾರ್ಥಿಸಿದರು. ಸ್ವಲ್ಪ ಕಾಲದಲ್ಲಿ ಕೆಲವರ ಬಾಯಿಂದ ಅನ್ಯಭಾಷೆಯೂ ಹೊರಟಿತು. ಅಲ್ಲಿದ್ದ ಅಮೆರಿಕದ ಮಿನ್ನಿ ಏಬ್ರಮ್ಸ್ ಎಂಬಾಕೆ ಇದನ್ನು ಕುರಿತು ಬರೆದ ಪುಸ್ತಕವು ದೂರದ ಚಿಲಿಯ ವಾಲ್‌ಪರೈಸೊ ನಗರದ ಗೆಳತಿಯ ಕೈಸೇರಿ, 1909ರಲ್ಲಿ ಅಲ್ಲಿನ ಪೆಂತೆಕೊಸ್ತ ಚಳವಳಿಗೆ ಪ್ರೇರಣೆಯಾಯಿತು.

ರಮಾಬಾಯಿಯವರು ಆ ಹುಡುಗಿಯರನ್ನು ತಡೆಯಲಿಲ್ಲ. ಅವರ ಗದ್ದಲವನ್ನು ಆಕ್ಷೇಪಿಸಿದವರೆದುರಿಗೆ ಅವರ ಪರವಾಗಿ ನಿಂತರು. ಆದರೆ ಅನ್ಯಭಾಷೆಯನ್ನಾಡಿದವರಿಗೆ ಮಾತ್ರ ಆತ್ಮವು ಬಂದಿದೆಯೆಂಬ ಮತವನ್ನು ಅವರು ಒಪ್ಪಲಿಲ್ಲ. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು, ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಇಡೀ ಬೈಬಲನ್ನು ಹಳ್ಳಿಯ ಹೆಂಗಸಿಗೆ ತಿಳಿಯುವಂಥ ಮರಾಠಿಗೆ ತರುವ ಕೆಲಸದಲ್ಲಿ. ತಮಗೆ ಅಷ್ಟು ಕೀರ್ತಿಯನ್ನು ತಂದಿದ್ದ ಸಂಸ್ಕೃತದ ಮಾತುಗಳನ್ನು ಆದಷ್ಟು ದೂರವಿರಿಸಿ ಅವರು ಅದನ್ನು ಬರೆದರು. 1922ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅನುವಾದವು ಮುಗಿದಿತ್ತು. ಅದನ್ನು ವರವೆನ್ನಬೇಕೋ ಪರಿಶ್ರಮವೆನ್ನಬೇಕೋ ಎಂದು ಸಂದೇಹಪಡುವವರು, ಭಾಷೆಗಳನ್ನಾಡುವ ವರದ ಪಕ್ಕದಲ್ಲಿಯೇ ಪೌಲನು ಅರ್ಥ ಹೇಳುವ ವರವನ್ನು ಇಟ್ಟದ್ದನ್ನೂ, ಮೊದಲನೆಯದುಳ್ಳವನು ಎರಡನೆಯದಕ್ಕಾಗಿ ಬೇಡಿಕೊಳ್ಳಬೇಕೆಂದು ವಿಧಿಸಿದ್ದನ್ನೂ ನೋಡಬಹುದು. ಮುಕ್ತಿಯ ಅಚ್ಚುಕೂಟದಲ್ಲಿ ಆ ಗ್ರಂಥದ ಮೊಳೆಗಳನ್ನು ಜೋಡಿಸಿ ಅದನ್ನು ಮುದ್ರಿಸಿದವರು ಆ ಆಶ್ರಯದ ಹೆಂಗಸರೇ; ಓದು ಬರಹವೆಂಬುದನ್ನು ಅವರು ಕಲಿತದ್ದೂ ಅಲ್ಲಿಯೇ.